ಒಂದೂವರೆ ತಿಂಗಳ ಸೂಜಿ, ತಾಯಿಯ ಸಕ್ಕರೆ

(ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬಂದಿದ್ದ ಕೆಲವರು ಬರೆದು ಕೊಡಿ ಅಂತ ಕೇಳಿದರು. ಮಾತಿನ ಧಾಟಿಯನ್ನು ಜಾಸ್ತಿ ಬದಲಿಸದೆ ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಎಷ್ಟು ಜನ ಇದ್ದೀರಿ? ಒಂದ್ಸಲ ಕೈ ಎತ್ತಿ.

(ಹತ್ತು ಹನ್ನೊಂದು ಕೈ ಮೇಲೆ ಬಂದವು. ಮುಂದಿನ ಸಾಲಿನ ಯಜಮಾನರೊಬ್ಬರು ಎರಡೂ ಕೈ ಎತ್ತಿದರು. "ಒಂದು ನಂದು, ಇನ್ನೊಂದು ನಮ್ಮ ಮನೆಯವರದ್ದು. ಮೊಮ್ಮಗನ್ನ ನೋಡ್ಕೋಬೇಕು ಅಂತ ಅವಳು ಬರ್ಲಿಲ್ಲ" ಅಂದರು.)

ಈ ಕೈಗಳನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ನಾನು ಇವತ್ತು ಹೇಳುವ ವಿಷಯ ಶುರುವಾಗುವುದೇ ಆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ.

ನಾನು ಹೆರಿಗೆ ಡಾಕ್ಟರು. ಕೆಲಸದ ಬಹುಪಾಲು ವರ್ಷ ಮಂಡ್ಯ ಜಿಲ್ಲೆಯ ತಾಲ್ಲೂಕುಗಳಲ್ಲಿ ಕಳೆದವಳು. ಬಸುರಿಯಲ್ಲಿ ಬರುವ ಸಕ್ಕರೆ ಕಾಯಿಲೆಯನ್ನು ದಿನಾ ನೋಡಿದ್ದೇನೆ. ಆದರೆ ಅದರ ಬಗ್ಗೆ ಜಗತ್ತು ಓದುವ ಸಂಶೋಧನೆಯಲ್ಲಿ ಒಂದು ದೊಡ್ಡ ಪಾಲು ನಮ್ಮ ಮಂಡಿ ಮೊಹಲ್ಲಾದಲ್ಲೇ ನಡೆದಿದೆ ಅನ್ನುವುದು ನಮ್ಮೂರಿನ ಎಷ್ಟೋ ಜನರಿಗೆ ಗೊತ್ತಿಲ್ಲ. ಅದು ನನಗೆ ಬಹಳ ದಿನದಿಂದ ಬೇಸರ.

ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅನ್ನುವುದು ಬೋರ್ಡಿನ ಮೇಲಿನ ಹೆಸರು. ನಮಗೆಲ್ಲ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಒಂದೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ದಫ್ತರಗಳಲ್ಲಿ ಬರೆದಿಡುತ್ತಿದ್ದರು. ತಾಯಿಯ ಅಳತೆಗಳನ್ನೂ ಬರೆಯುತ್ತಿದ್ದರು. ಬರೆದ ನರ್ಸಮ್ಮಂದಿರಿಗೆ ಮುಂದೆ ಇದು ಯಾರಿಗೆ ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ. ಕೆಲಸ ಅಂದಮೇಲೆ ಸರಿಯಾಗಿ ಮಾಡಬೇಕು ಅಂತ ಮಾಡಿದರು, ಅಷ್ಟೆ. ಆ ಅಕ್ಷರಗಳಿಗೆ ನಾನು ಕೈ ಮುಗಿಯುತ್ತೇನೆ.

ಅತ್ತ ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ಹರ್ಟ್‌ಫರ್ಡ್‌ಶೈರ್ ಸೀಮೆಯ ಹಳೆಯ ಹೆರಿಗೆ ದಫ್ತರಗಳನ್ನು ಹುಡುಕಿ ತೆಗೆದಿದ್ದರು. ಹುಟ್ಟುವಾಗ ತೂಕ ಕಮ್ಮಿ ಇದ್ದವರು ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಸಾಯುವುದು ಜಾಸ್ತಿ ಅಂತ 1989ರಲ್ಲಿ ತೋರಿಸಿದರು. ಬಡ ದೇಶಗಳಲ್ಲೂ ಹೀಗೇನಾ? ಅದನ್ನು ನೋಡಬೇಕಾದರೆ ಐವತ್ತು ಅರವತ್ತು ವರ್ಷದ ಹಿಂದಿನ ತೂಕ ಬೇಕು. ಅಂಥ ದಫ್ತರ ಎಲ್ಲಿದೆ? ಮೈಸೂರಿನಲ್ಲಿತ್ತು. ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಯವರು ಮಿಷನ್ ಆಸ್ಪತ್ರೆಯವರ ಜೊತೆ ಸೇರಿದರು. ಆಸ್ಪತ್ರೆಯ ಸುತ್ತಲಿನ ಮನೆಮನೆಗೂ ಹೋಗಿ, ಅಲ್ಲಿ ಹುಟ್ಟಿದವರನ್ನು ಹುಡುಕಿದರು.

1934ರಿಂದ 1954ರವರೆಗೆ ಹುಟ್ಟಿದ 517 ಜನ ಸಿಕ್ಕರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ ಇತ್ತು. 3.1 ಕಿಲೋ ಮತ್ತು ಅದಕ್ಕಿಂತ ಜಾಸ್ತಿ ಇದ್ದವರಲ್ಲಿ ನೂರಕ್ಕೆ 3. ಇಂಗ್ಲೆಂಡಿನಲ್ಲಿ ಕಂಡದ್ದೇ ಇಲ್ಲೂ ಕಂಡಿತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು. ನನಗೆ ತುಂಬ ಇಷ್ಟವಾದ ಭಾಗ ಇದು. ಇಂಗ್ಲೆಂಡಿನಲ್ಲಿ ಸಣ್ಣ ಮಕ್ಕಳಾಗಿ ಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಜಾಸ್ತಿ ಬಂದಿತ್ತು. ಮೈಸೂರಿನಲ್ಲಿ, ಉದ್ದ ಕಮ್ಮಿ ಇದ್ದು ಮೈ ತುಂಬಿಕೊಂಡು ಹುಟ್ಟಿದವರಿಗೆ ಜಾಸ್ತಿ ಬಂದಿತ್ತು. ಅವರ ತಾಯಂದಿರ ತೂಕವೂ ಜಾಸ್ತಿ ಇತ್ತು. ಯಾಕೆ ಹೀಗೆ? ಸಂಶೋಧಕರಿಗೆ ಒಂದು ಅನುಮಾನ ಬಂತು. ಆ ತಾಯಂದಿರಿಗೆ ಬಸುರಿಯಲ್ಲಿ ಸಕ್ಕರೆ ಏರಿತ್ತೇನೋ, ಯಾರೂ ನೋಡಿರಲಿಲ್ಲವೇನೋ. ಸತ್ತುಹೋದ ತಾಯಂದಿರ ರಕ್ತವನ್ನು ಪರೀಕ್ಷೆ ಮಾಡಲು ಆಗುತ್ತದೆಯೇ? ಇಲ್ಲ. ಹಾಗಾಗಿ ಹೊಸದಾಗಿ ಶುರು ಮಾಡಿದರು.

1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ 830 ಬಸುರಿ ಹೆಂಗಸರಿಗೆ ಏಳನೇ ತಿಂಗಳ ಹೊತ್ತಿಗೆ ಗ್ಲೂಕೋಸ್ ನೀರು ಕುಡಿಸಿ ಪರೀಕ್ಷೆ ಮಾಡಿದರು. ಇದಕ್ಕೆ ಪಾರ್ಥೆನಾನ್ ಅಧ್ಯಯನ ಅಂತ ಹೆಸರು. ನೂರಕ್ಕೆ 6.2 ಜನರಿಗೆ ಬಸುರಿಯ ಸಕ್ಕರೆ ಕಾಯಿಲೆ ಇತ್ತು. ಆ ತಾಯಂದಿರನ್ನೂ ಮಕ್ಕಳನ್ನೂ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಬಿಡದೆ ಹಿಂಬಾಲಿಸಿದರು. ನಮ್ಮಲ್ಲಿ ಮನೆ ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ, ಸಂಸಾರವೇ ಬೆಂಗಳೂರಿಗೆ ಹೋಗುತ್ತದೆ. ಅಂಥದ್ದರಲ್ಲಿ ವರ್ಷಗಟ್ಟಲೆ ಒಂದೊಂದು ಮಗುವನ್ನೂ ಹುಡುಕಿ ಕರೆಸಿ, ಅಳೆದು, ಬರೆಯುವುದು ಸಾಮಾನ್ಯ ಕೆಲಸವಲ್ಲ.

ಐದು ವರ್ಷ ಆದಮೇಲೆ ತಾಯಂದಿರನ್ನು ಮತ್ತೆ ಪರೀಕ್ಷೆ ಮಾಡಿದರು. ಬಸುರಿಯಲ್ಲಿ ಸಕ್ಕರೆ ಇಲ್ಲದಿದ್ದವರಲ್ಲಿ ನೂರಕ್ಕೆ 2 ಜನರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಬಸುರಿಯಲ್ಲಿ ಸಕ್ಕರೆ ಇದ್ದವರಲ್ಲಿ?

ನೂರಕ್ಕೆ 37.

ಮತ್ತೆ ಪರೀಕ್ಷೆಗೆ ಸಿಕ್ಕವರಲ್ಲಿ ಬಸುರಿಯ ಸಕ್ಕರೆ ಇದ್ದವರು 35 ಜನ ಮಾತ್ರ. ಸಣ್ಣ ಸಂಖ್ಯೆ, ಅದನ್ನು ಮುಚ್ಚಿಡಬಾರದು. ಆದರೆ ಬೇರೆ ಬೇರೆ ದೇಶಗಳ 20 ಅಧ್ಯಯನಗಳನ್ನು, 13 ಲಕ್ಷ ಹೆಂಗಸರ ಲೆಕ್ಕವನ್ನು ಒಟ್ಟು ಸೇರಿಸಿ 2020ರಲ್ಲಿ ನೋಡಿದಾಗಲೂ ದಿಕ್ಕು ಇದೇ. ಬಸುರಿಯಲ್ಲಿ ಸಕ್ಕರೆ ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಹತ್ತಿರಹತ್ತಿರ 10 ಪಟ್ಟು. ಇಷ್ಟು ಮೊದಲೇ, ಇಷ್ಟು ಸ್ಪಷ್ಟವಾಗಿ ಮುನ್ಸೂಚನೆ ಕೊಡುವ ಕಾಯಿಲೆ ಬೇರೆ ಯಾವುದಿದೆ ಹೇಳಿ?

ಮಕ್ಕಳ ವಿಷಯಕ್ಕೂ ಬರುತ್ತೇನೆ. ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಚರ್ಮದ ಕೆಳಗಿನ ಕೊಬ್ಬು ಜಾಸ್ತಿ ಇತ್ತು. ಒಂಬತ್ತೂವರೆ ವರ್ಷಕ್ಕೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣ ಕಾಣಿಸಿತು, ರಕ್ತದೊತ್ತಡವೂ ಸ್ವಲ್ಪ ಜಾಸ್ತಿ. ನೋಡುವುದಕ್ಕೆ ಇವರು ಆಡಿಕೊಂಡಿರುವ ಆರೋಗ್ಯವಂತ ಮಕ್ಕಳೇ.

ಬಸುರಿಯಲ್ಲಿ ಸಕ್ಕರೆ ಯಾಕೆ ಏರುತ್ತದೆ ಅಂತ ಕೇಳುತ್ತಾರೆ. ಸಿಹಿ ತಿಂದಿದ್ದಕ್ಕೆ ಅಂತ ಅತ್ತೆ ಸೊಸೆಯನ್ನು ಬೈಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ತಪ್ಪು. ಮಗುವಿಗೆ ಆಹಾರ ಚೆನ್ನಾಗಿ ಸಿಗಲಿ ಅಂತ ಮಾಸುಚೀಲ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ತಾಯಿಯ ಇನ್ಸುಲಿನ್‌ನ ಬಲವನ್ನು ಕುಗ್ಗಿಸುತ್ತವೆ. ಆಗ ತಾಯಿಯ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಮಾಡಬೇಕು. ಹೆಚ್ಚಿನವರಲ್ಲಿ ಮಾಡುತ್ತದೆ. ಕೆಲವರಲ್ಲಿ ಅಷ್ಟು ಶಕ್ತಿ ಇರುವುದಿಲ್ಲ. ಹೆರಿಗೆಯಾಗಿ ಮಾಸು ಬಿದ್ದ ಕೂಡಲೇ ಆ ಭಾರ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಇಳಿದಿದ್ದು ಭಾರ ಮಾತ್ರ. ಗ್ರಂಥಿಗೆ ಶಕ್ತಿ ಕಮ್ಮಿ ಅನ್ನುವುದು ಹಾಗೇ ಇರುತ್ತದೆ.

ಬಸುರಿಯಲ್ಲಿ ಹುಡುಕಿ ಚಿಕಿತ್ಸೆ ಕೊಟ್ಟರೆ ಪ್ರಯೋಜನ ಇದೆಯಾ? ಇದೆ. ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನಲ್ಲಿ ಸಕ್ಕರೆ ಬಂದ 1000 ಬಸುರಿಯರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2005ರಲ್ಲಿ ಬಂತು. ಮಗುವಿನ ಸಾವು, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವುದು, ಮೂಳೆ ಮುರಿಯುವುದು, ಕೈ ನರಕ್ಕೆ ಪೆಟ್ಟು, ಇಂಥ ದೊಡ್ಡ ತೊಂದರೆಗಳು ನೂರಕ್ಕೆ 4ರಿಂದ 1ಕ್ಕೆ ಇಳಿದವು. 2023ರಲ್ಲಿ ಇನ್ನೊಂದು ಬಂತು. ಸಕ್ಕರೆಯ ಸಂಭವ ಜಾಸ್ತಿ ಇದ್ದು, ಐದನೇ ತಿಂಗಳಿಗೂ ಮೊದಲೇ ಮಾಡಿದ ಪರೀಕ್ಷೆಯಲ್ಲಿ ಸಕ್ಕರೆ ಕಂಡ ಸುಮಾರು 800 ಹೆಂಗಸರಲ್ಲಿ ಅರ್ಧ ಜನರಿಗೆ ಆಗಲೇ ಚಿಕಿತ್ಸೆ ಶುರು ಮಾಡಿದರು. ಹುಟ್ಟಿದ ಮಕ್ಕಳ ತೊಂದರೆಗಳು ನೂರಕ್ಕೆ 30.5ರಿಂದ 24.9ಕ್ಕೆ ಇಳಿದವು. ಏಳನೇ ತಿಂಗಳವರೆಗೆ ಕಾಯುವುದು ಬೇಡ ಅನ್ನುವವರಿಗೆ ಇದು ಬಲ ಕೊಟ್ಟಿದೆ.

ನಮ್ಮ ದೇಶದ ಸರ್ಕಾರಿ ಕ್ರಮ ಈ ವಿಷಯದಲ್ಲಿ ಮುಂದೆಯೇ ಇದೆ. ಚೆನ್ನೈನ ಡಾ. ವಿ. ಶೇಷಯ್ಯ ಹೇಳಿಕೊಟ್ಟ ದಾರಿ ಅದು. ಬಸುರಿ ಮೊದಲ ಸಲ ಬಂದ ದಿನವೇ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಊಟ ಮಾಡಿದ್ದರೂ ಸರಿ, ಮಾಡದಿದ್ದರೂ ಸರಿ. ಎರಡು ಗಂಟೆ ಆದಮೇಲೆ 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಕ್ಕರೆ ಇದೆ ಅಂತ ಲೆಕ್ಕ. ಇಲ್ಲದಿದ್ದರೆ 24ರಿಂದ 28 ವಾರದೊಳಗೆ ಇನ್ನೊಂದು ಸಲ. ಖಾಲಿ ಹೊಟ್ಟೆಯಲ್ಲಿ ಮಾಡದಿದ್ದರೆ ಕೆಲವರು ತಪ್ಪಿಹೋಗುತ್ತಾರೆ ಅಂತ ತಜ್ಞರಲ್ಲಿ ತಕರಾರು ಇದೆ, ಅದರಲ್ಲಿ ಸತ್ಯವೂ ಇದೆ. ಆದರೂ ನಾನು ಶೇಷಯ್ಯನವರ ಕಡೆ. ನಾಗಮಂಗಲದ ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದ ಬಸುರಿಗೆ "ನಾಳೆ ಖಾಲಿ ಹೊಟ್ಟೇಲಿ ಬಾ" ಅಂದರೆ, ಅವಳು ನಾಳೆ ಬರುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಹೆರಿಗೆ ಆದಮೇಲೆ ಏನಾಗುತ್ತೆ? ಇದನ್ನು ಹೇಳುವುದಕ್ಕೇ ನಾನು ಬಂದಿದ್ದು.

ನಮ್ಮ ಚಿಕ್ಕಮ್ಮನ ಮಗಳು. ಪಾಂಡವಪುರದ ಕಡೆ ಕೊಟ್ಟಿದ್ದೆವು. ಮೊದಲ ಬಸುರಿಯಲ್ಲಿ ಏಳನೇ ತಿಂಗಳಿಗೆ ಸಕ್ಕರೆ ಕಂಡಿತು. ಊಟ ಸರಿ ಮಾಡಿದಳು, ಸಾಕಾಗಲಿಲ್ಲ, ಇನ್ಸುಲಿನ್ ತೆಗೆದುಕೊಂಡಳು. ದಿನಾ ಹೊಟ್ಟೆಗೆ ತಾನೇ ಚುಚ್ಚಿಕೊಳ್ಳುತ್ತಿದ್ದಳು, ಒಂದು ದಿನವೂ ತಪ್ಪಿಸಲಿಲ್ಲ. ಹೆರಿಗೆ ಸುಖವಾಗಿ ಆಯಿತು. ಎರಡನೇ ದಿನ ರಕ್ತ ನೋಡಿ "ಸಕ್ಕರೆ ಹೋಯ್ತು, ಇನ್ನೇನೂ ಬೇಡ" ಅಂದರು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯನ್ನು ನಾನು ಆಮೇಲೆ ಓದಿದ್ದೇನೆ. ಮಗುವಿಗೆ ಯಾವ ದಿನ ಯಾವ ಸೂಜಿ, ತಾಯಿಗೆ ಕಬ್ಬಿಣದ ಮಾತ್ರೆ, ಹೊಲಿಗೆ ನೋಡಿಸಲು ಯಾವತ್ತು ಬರಬೇಕು, ಎಲ್ಲ ಇತ್ತು. ಸಕ್ಕರೆ ಅನ್ನುವ ಪದ ಇರಲಿಲ್ಲ. ಮನೆಯಲ್ಲೇ ಡಾಕ್ಟರಾಗಿ ನಾನೂ ಕೇಳಲಿಲ್ಲ. ನಾಮಕರಣಕ್ಕೆ ಹೋದೆ, ಉಂಡೆ, ಮಗುವನ್ನು ಎತ್ತಿ ಆಡಿಸಿದೆ, ಬಂದೆ.

ಮೂರು ವರ್ಷ ಕಳೆದು ಮತ್ತೆ ಬಸುರಿಯಾದಳು. ಮೂರನೇ ತಿಂಗಳಿಗೆ ಪರೀಕ್ಷೆಗೆ ಹೋದಾಗ ಖಾಲಿ ಹೊಟ್ಟೆಯ ಸಕ್ಕರೆಯೇ 180 ದಾಟಿತ್ತು. ಅದು ಬಸುರಿಯ ಸಕ್ಕರೆ ಅಲ್ಲ, ಅವಳಿಗೆ ಎಂದೋ ಬಂದು ಕೂತಿದ್ದ ಸಕ್ಕರೆ ಕಾಯಿಲೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯದಲ್ಲಿ ದೊಡ್ಡ ದೋಷ ಕಾಣಿಸಿತು. ಆ ಮಗು ಉಳಿಯಲಿಲ್ಲ.

ಮಗುವಿನ ಹೃದಯ ರೂಪುಗೊಳ್ಳುವುದು ಮೊದಲ ಎಂಟು ವಾರದೊಳಗೆ. ಎಷ್ಟೋ ಜನರಿಗೆ ಬಸುರಿ ಅಂತ ಗೊತ್ತಾಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಆ ದಿನಗಳಲ್ಲಿ ತಾಯಿಯ ಸಕ್ಕರೆ ಜಾಸ್ತಿ ಇದ್ದರೆ ಇಂಥ ದೋಷದ ಸಂಭವವೂ ಜಾಸ್ತಿ. ಬಸುರಿಯಾಗುವ ಮೊದಲೇ ಸಕ್ಕರೆಯನ್ನು ಇಳಿಸಿಕೊಂಡರೆ ಆ ಸಂಭವ ತುಂಬ ಕಮ್ಮಿಯಾಗುತ್ತದೆ. ಇಳಿಸಬೇಕಾದರೆ ಇದೆ ಅಂತ ಗೊತ್ತಿರಬೇಕು ಅಲ್ವಾ?

ಅವತ್ತು ನಾನು ಅವಳ ಮೊದಲ ಮಗುವಿನ ತಾಯಿ ಕಾರ್ಡ್ ತೆಗೆಸಿ ನೋಡಿದೆ. ಆರು ವಾರದ ಸೂಜಿ, ಹತ್ತು ವಾರದ್ದು, ಹದಿನಾಲ್ಕು ವಾರದ್ದು, ಒಂಬತ್ತು ತಿಂಗಳದ್ದು, ಒಂದೂವರೆ ವರ್ಷದ್ದು. ಒಂದೂ ತಪ್ಪಿರಲಿಲ್ಲ. ಐದು ಸಲ ಅವಳು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಬಂದು ಕೂತಿದ್ದಳು. ಐದು ಸಲವೂ ನಾವು ಮಗುವನ್ನು ಮಾತ್ರ ನೋಡಿ ಕಳಿಸಿದ್ದೆವು.

ಬಸುರಿಯಲ್ಲಿ ಸಕ್ಕರೆ ಬಂದ ತಾಯಿಗೆ ಹೆರಿಗೆಯಾದ ಆರು ವಾರಕ್ಕೆ ಮತ್ತೆ, ಈ ಸಲ ಖಾಲಿ ಹೊಟ್ಟೆಯಲ್ಲಿ, ಗ್ಲೂಕೋಸ್ ಪರೀಕ್ಷೆ ಮಾಡಬೇಕು ಅಂತ ನಮ್ಮ ಸರ್ಕಾರದ ಕ್ರಮದಲ್ಲೇ ಇದೆ. ಮಗುವಿನ ಸೂಜಿಯೂ ಆರು ವಾರಕ್ಕೆ. ಅದೇ ವಾರ, ಅದೇ ಕಟ್ಟಡ, ಅದೇ ತಾಯಿ. ಆದರೂ ಪರೀಕ್ಷೆ ತಪ್ಪುತ್ತದೆ. ಹೆಂಗಸರಿಗೆ ತಿಳಿವಳಿಕೆ ಇಲ್ಲ ಅಂತ ಸುಮ್ನೆ ಹೇಳಿಬಿಡುವವರನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಮಾಡಿದ್ದು ಗಂಡನ ಊರಲ್ಲಿ, ಹೆರಿಗೆ ಇನ್ನೊಂದು ಕಡೆ, ಬಾಣಂತನ ತವರಿನಲ್ಲಿ. ಮೂರು ಕಡೆಯ ಡಾಕ್ಟರಲ್ಲಿ ಯಾರೂ ಇದು ನನ್ನ ಹೊಣೆ ಅಂದುಕೊಳ್ಳುವುದಿಲ್ಲ. ಹಾಲುಣಿಸುವ ಬಾಣಂತಿಯನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಲು ಯಾವ ಅವ್ವನಿಗೆ ಮನಸ್ಸು ಬರುತ್ತೆ? ಎರಡು ಗಂಟೆ ಕಾಯಬೇಕು, ಎಳೆಯ ಮಗು ಅಳುತ್ತೆ, ಗಾಳಿ ತಾಗುತ್ತೆ. ಅವಳಿಗೋ ಯಾವ ತೊಂದರೆಯೂ ಕಾಣುತ್ತಿಲ್ಲ. ನಾನೇ ಆ ಜಾಗದಲ್ಲಿದ್ದರೂ ಹೋಗುತ್ತಿರಲಿಲ್ಲವೇನೋ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಬಸುರಿಯ ಸಕ್ಕರೆಗೆ ಇಂತಿಷ್ಟು ಅಂತ ಮೊದಲು ಗೆರೆ ಹಾಕಿದವರು ಅಮೆರಿಕದ ಬಾಸ್ಟನ್ನಿನ ಓಸಲಿವನ್ ಮತ್ತು ಮಾಹನ್, 1964ರಲ್ಲಿ. ಅವರು ಗೆರೆ ಹಾಕಿದ್ದು ಮಗುವಿಗಾಗಿ ಅಲ್ಲ. ಈ ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆಯೇ ಅಂತ ಮೊದಲೇ ತಿಳಿಯುವುದಕ್ಕೆ. ತಾಯಿಗಾಗಿಯೇ ಹುಟ್ಟಿದ ಪರೀಕ್ಷೆ ಇದು. ಮಗು ಕೈಗೆ ಬಂದ ಕೂಡಲೇ ನಾವು ತಾಯಿಯನ್ನು ಮರೆತೆವು.

ಅದಕ್ಕೇ ಅಮೆರಿಕದಲ್ಲಿ ಈಚೆಗೆ ಇನ್ನೊಂದು ದಾರಿ ನೋಡುತ್ತಿದ್ದಾರೆ. ಹೆರಿಗೆಯ ಎರಡನೇ ದಿನ, ತಾಯಿ ಇನ್ನೂ ವಾರ್ಡಿನಲ್ಲಿ ಇರುವಾಗಲೇ ಪರೀಕ್ಷೆ ಮಾಡುವುದು. ವರ್ಷದ ನಂತರ ಯಾರಿಗೆ ಸಕ್ಕರೆ ಕಾಯಿಲೆ ಇರುತ್ತದೆ ಅಂತ ಹೇಳುವುದರಲ್ಲಿ ಅದು ವಾರಗಳ ನಂತರ ಮಾಡುವ ಪರೀಕ್ಷೆಗೆ ಹತ್ತಿರವೇ ಬರುತ್ತದೆ. ಇನ್ನೂ ಎಲ್ಲ ಕಡೆ ಜಾರಿಗೆ ಬಂದಿಲ್ಲ. ಮತ್ತೆ ಬರಲಾರದವರಿಗೆ ಅದು ದೊಡ್ಡ ವರ ಅಂತ ನನ್ನ ಅನಿಸಿಕೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೇ ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಬಾಣಂತಿಯಲ್ಲಿ ರಕ್ತ ಹೋಗಿರುತ್ತೆ, ರಕ್ತಹೀನತೆ ಇರುತ್ತೆ, ಅದರ ಲೆಕ್ಕ ನಂಬುವ ಹಾಗಿರುವುದಿಲ್ಲ.

ಸರಿ, ಕಂಡುಹಿಡಿದೆವು ಅಂತಿಟ್ಟುಕೊಳ್ಳಿ. ತಡೆಯಲು ಆಗುತ್ತಾ? ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಹಿಂದೆ ಬಸುರಿಯ ಸಕ್ಕರೆ ಬಂದಿದ್ದು, ಸಕ್ಕರೆ ಗೆರೆಯ ಹತ್ತಿರ ಇದ್ದ ಹೆಂಗಸರನ್ನು ನೋಡಿದರು. ಊಟ, ನಡಿಗೆ, ತೂಕದ ಮೇಲೆ ಗಟ್ಟಿಯಾಗಿ ಕೆಲಸ ಮಾಡಿದವರಲ್ಲೂ, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಸಕ್ಕರೆ ಕಾಯಿಲೆ ಸುಮಾರು ಅರ್ಧಕ್ಕೆ ಇಳಿಯಿತು. ಎದೆಹಾಲು ಚೆನ್ನಾಗಿ ಕುಡಿಸಿದ ತಾಯಂದಿರಲ್ಲಿ ಎರಡು ವರ್ಷದೊಳಗೆ ಸಕ್ಕರೆ ಕಾಯಿಲೆ ಬರುವುದು ಸುಮಾರು ಅರ್ಧದಷ್ಟು ಕಮ್ಮಿ ಇತ್ತು ಅಂತ 2015ರಲ್ಲಿ ಇನ್ನೊಂದು ಅಧ್ಯಯನ ಹೇಳಿತು.

ಸೋತ ಅಧ್ಯಯನವನ್ನೂ ಹೇಳಬೇಕು. ಭಾರತ, ಬಾಂಗ್ಲಾದೇಶ, ಶ್ರೀಲಂಕಾದ 1600ಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಮೇಲೆ ಕೆಲವು ಗುಂಪು ಪಾಠ, ಆಮೇಲೆ ಫೋನಿನಲ್ಲಿ ಸಲಹೆ, ಹೀಗೆ ಹಗುರವಾದ ಕಾರ್ಯಕ್ರಮ. ಕಾರ್ಯಕ್ರಮ ಇದ್ದವರಲ್ಲೂ ಇಲ್ಲದವರಲ್ಲೂ ಸಕ್ಕರೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಏರಿತು, ನಾಲ್ಕರಲ್ಲಿ ಒಬ್ಬರಿಗೆ. ನನಗೆ ಅದನ್ನು ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ. ಆದರೆ ಯೋಚನೆ ಮಾಡಿದರೆ ಆಶ್ಚರ್ಯವಿಲ್ಲ. ರಾತ್ರಿಯೆಲ್ಲ ಎದ್ದು ಹಾಲು ಕುಡಿಸಿ, ಬೆಳಿಗ್ಗೆ ಅಡುಗೆ ಮಾಡಿ, ದನಕ್ಕೆ ಮೇವು ಹಾಕುವವಳಿಗೆ ನಾಲ್ಕು ಪಾಠದಿಂದ ಏನಾಗುತ್ತೆ? ಅವಳಿಗೆ ದಿನಕ್ಕೆ ಅರ್ಧ ಗಂಟೆ ಮಗುವನ್ನು ಹಿಡಿದುಕೊಳ್ಳುವವರು ಬೇಕು. ಅದು ಗಂಡನ ಕೆಲಸ, ಅತ್ತೆಯ ಕೆಲಸ. ಗೆರೆಯ ಹತ್ತಿರ ಇರುವವಳಿಗೆ ಮಾತ್ರೆ ಬೇಕಾದರೆ ಹಿಂಜರಿಯದೆ ಕೊಡುವುದು ನಮ್ಮ ಕೆಲಸ.

ಆಮೇಲೆ ಪ್ರಶ್ನೆಗಳು ಬಂದವು.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಹಾಗಾದರೆ ಎಲ್ಲರೂ ವರ್ಷಕ್ಕೊಮ್ಮೆ ಎಲ್ಲ ಪರೀಕ್ಷೆ ಇರುವ ಪ್ಯಾಕೇಜ್ ಮಾಡಿಸುವುದು ಒಳ್ಳೆಯದಲ್ವಾ ಅಂತ ಕೇಳಿದರು. ಅಲ್ಲ ಅಂದೆ. ದಕ್ಷಿಣ ಕೊರಿಯಾದಲ್ಲಿ 1999ರಿಂದ ಸರ್ಕಾರದ ಕ್ಯಾನ್ಸರ್ ತಪಾಸಣೆ ಶುರುವಾದಾಗ, ಜೊತೆಗೆ ಸ್ವಲ್ಪ ದುಡ್ಡು ಕೊಟ್ಟು ಥೈರಾಯ್ಡ್ ಸ್ಕ್ಯಾನ್ ಮಾಡಿಸುವ ರೂಢಿ ಬೆಳೆಯಿತು. 2011ಕ್ಕೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟು ಆಯಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಸಾವಿರಾರು ಜನ ಬೇಡದ ಆಪರೇಷನ್ ಮಾಡಿಸಿಕೊಂಡು, ಜೀವನಪೂರ್ತಿ ಮಾತ್ರೆಗೆ ಬಿದ್ದರು. ಯಾರಿಗೆ, ಯಾಕೆ, ಕಂಡರೆ ಮುಂದೇನು ಅನ್ನುವುದಕ್ಕೆ ಉತ್ತರ ಇರುವ ಪರೀಕ್ಷೆಯನ್ನು ಮಾತ್ರ ಮಾಡಬೇಕು. ಬಾಣಂತಿಯ ಸಕ್ಕರೆ ಪರೀಕ್ಷೆಗೆ ಆ ಮೂರೂ ಉತ್ತರ ಇದೆ.

ಒಬ್ಬ ಹುಡುಗಿ ರಾಗಿಯ ಬಗ್ಗೆ ಕೇಳಿದಳು. ಮುದ್ದೆ ತಿಂದರೆ ಸಕ್ಕರೆ ಏರಲ್ಲ ಅಂತ ನಮ್ಮ ಕಡೆ ಎಲ್ಲರ ನಂಬಿಕೆ. ರಾಗಿ ಒಳ್ಳೆಯದೇ, ಸುಣ್ಣದಂಶವೂ ನಾರೂ ಚೆನ್ನಾಗಿದೆ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಹತ್ತಿರಹತ್ತಿರ 70 ಗ್ರಾಂ ಪಿಷ್ಟವೇ. ಅನ್ನ ಬಿಟ್ಟೆ ಅಂತ ಎರಡು ದೊಡ್ಡ ಮುದ್ದೆ ತಿಂದರೆ ಸಕ್ಕರೆ ಏರೇ ಏರುತ್ತದೆ. ಮುದ್ದೆ ಚಿಕ್ಕದಿರಲಿ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಜಾಸ್ತಿ ಇರಲಿ. ಬಾಣಂತಿಗೆ ಕೊಡುವ ಕೊಬ್ಬರಿ ಬೆಲ್ಲದ ಉಂಡೆ ವಿಷಯದಲ್ಲಂತೂ ಕಟ್ಟುನಿಟ್ಟಾಗಿ ಹೇಳುತ್ತೇನೆ: ಸಕ್ಕರೆ ಬಂದಿದ್ದವಳಿಗೆ ಬೇಡ. ಮಂಡ್ಯದ ಆಲೆಮನೆಯ ಬೆಲ್ಲವೂ ರಕ್ತಕ್ಕೆ ಹೋದಮೇಲೆ ಸಕ್ಕರೆಯೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಮದ್ದೂರಿನಿಂದ ನೆಂಟರ ಮನೆಗೆ ಬಂದಿದ್ದವರು.

"ಡಾಕ್ಟ್ರಮ್ಮ, ನನ್ ಮಗ್ಳಿಗೂ ಏಳ್ನೇ ತಿಂಗ್ಳಲ್ಲಿ ಸಕ್ಕರೆ ಐತೆ ಅಂದಿದ್ರು. ಹೆರಿಗೆ ಆಗಿ ನಾಕು ತಿಂಗ್ಳಾಯ್ತು. ನೀವು ಒಂದೂವರೆ ತಿಂಗ್ಳು ಅಂದ್ರಲ್ಲ, ದಾಟೋಯ್ತು. ಇನ್ನೇನೂ ಮಾಡಂಗಿಲ್ವಾ?"

"ಯಾಕಿಲ್ಲ ಕಣಮ್ಮ? ಆರು ವಾರ ಅಂದ್ರೆ ಅಲ್ಲಿಂದ ಶುರು ಅಂತ. ಕೊನೆ ದಿನ ಅಲ್ಲ. ಮಗೀಗೆ ಇನ್ನೊಂದು ಸೂಜಿ ಯಾವಾಗ?"

"ಒಂಬತ್ತು ತಿಂಗ್ಳಿಗೆ ಅಂತ ಬರ್ದವ್ರೆ."

"ಅಲ್ಲೀವರ್ಗೂ ಕಾಯ್ಬೇಡಿ. ನಾಳೇನೇ ಕಳಿಸಿ. ರಾತ್ರಿ ಉಂಡ ಮೇಲೆ ಬೆಳಿಗ್ಗೆ ಏನೂ ತಿನ್ನಬಾರ್ದು, ನೀರು ಕುಡೀಬಹುದು. ಕಾಯೋವಾಗ ಅಲ್ಲೇ ಕೂತು ಮಗೀಗೆ ಹಾಲು ಕೊಡಬಹುದು. ಬಸುರೀಲಿ ಸಕ್ಕರೆ ಇತ್ತು ಅಂತ ಮೊದ್ಲೇ ಬಾಯಿಬಿಟ್ಟು ಹೇಳ್ಬೇಕು. ನಾಳೆ ಸರಿಯಾಗಿ ಬಂದ್ರೂ ವರ್ಷಕ್ಕೊಂದ್ಸಲ ನೋಡಿಸ್ತಾ ಇರಿ. ಇನ್ನೊಂದು ಮಗು ಬೇಕು ಅಂದ್ಕೊಂಡಾಗಂತೂ ಅದಕ್ಕೆ ಮೊದ್ಲೇ ನೋಡಿಸ್ಬೇಕು."

ವಂದನಾರ್ಪಣೆ ಶುರುವಾಗುವಷ್ಟರಲ್ಲಿ ಅವರು ಬಾಗಿಲ ಹತ್ತಿರ ಹೋಗಿ ಫೋನ್ ಹಚ್ಚಿದ್ದರು. ಧ್ವನಿ ಒಳಗೂ ಕೇಳುತ್ತಿತ್ತು.

"ನಾಳೆ ಬೆಳಿಗ್ಗೆ ಕಾಫಿನೂ ಕುಡೀಬೇಡ ಕಣವ್ವ. ಯಾಕೆ ಅಂತ ಬಂದ್ಮೇಲೆ ಹೇಳ್ತೀನಿ. ನಾನೇ ಬತ್ತೀನಿ, ಮಗೀನ ಎತ್ಕೊಂಡು ಕೂತಿರ್ತೀನಿ."